ಆದವಾನಿಯ ಪರದೆ, ಮೈಸೂರಿನ ಪಟ

1786ರ ಮುಂಗಾರು ಶುರುವಾಗುವ ಹೊತ್ತಿಗೆ ಟಿಪ್ಪು ಸುಲ್ತಾನನ ಸೈನ್ಯ ಆದವಾನಿ ಕೋಟೆಯನ್ನು ಮುತ್ತಿಕೊಂಡಿತ್ತು. ಕೋಟೆಯಲ್ಲಿದ್ದವನು ಮಹಬತ್ ಜಂಗ್, ಹೈದರಾಬಾದಿನ ನಿಜಾಮ ಅಲಿ ಖಾನನ ಸೋದರ ಬಸಾಲತ್ ಜಂಗನ ಮಗ. ಬಸಾಲತ್ ಜಂಗ್ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಅವನ ಮನೆಯ ಹೆಂಗಸರು ಆ ಬಂಡೆಗುಡ್ಡಗಳ ನಡುವೆಯೇ ಉಳಿದಿದ್ದರು. ಟಿಪ್ಪುವಿನವರು ಕೋಟೆಗೆ ನುಗ್ಗಲು ಮಾಡಿದ ಯತ್ನಗಳು ಮೊದಮೊದಲು ಮುರಿದುಬಿದ್ದವು. ಅಷ್ಟರಲ್ಲಿ ನಿಜಾಮನ ಇನ್ನೊಬ್ಬ ಸೋದರ ಮೊಘಲ್ ಅಲಿ ಮರಾಠರ ಕುದುರೆಪಡೆಯನ್ನೂ ಕೂಡಿಸಿಕೊಂಡು ನೆರವಿಗೆ ಬಂದ. ಬಂದವರಿಗೆ ಎದುರಿನ ಶತ್ರುವಿಗಿಂತ ಬೆನ್ನ ಹಿಂದಿನ ಹೊಳೆಯ ಭಯ ಹೆಚ್ಚಾಗಿತ್ತು. ತುಂಗಭದ್ರೆ ತುಂಬಿದರೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಅವರು ಕೋಟೆಯನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು, ಮನೆತನದ ಹೆಂಗಸರನ್ನು ಕರೆದುಕೊಂಡು ಹೊಳೆ ದಾಟಿದರು. ಬರಿದಾದ ಕೋಟೆ ಟಿಪ್ಪುವಿನ ಕೈಸೇರಿತು. ಅವನು ಅದರ ಗೋಡೆಗಳನ್ನು ಒಡೆಸಿದ.

ಒಂದು ಮುತ್ತಿಗೆಯ ಕೊನೆಯನ್ನು ತೀರ್ಮಾನಿಸಿದ್ದು ಈ ಹೆಂಗಸರ ಸುರಕ್ಷತೆ. ಹಾಗಿದ್ದರೂ ಅವರು ಹೇಗಿದ್ದರೆಂದು ತೋರಿಸುವ ಒಂದು ಗೆರೆಯೂ ಆ ಯುದ್ಧದ ಕಥೆಯಲ್ಲಿಲ್ಲ. ಅವರು ಪರದೆಯ ಆಚೆಗಿದ್ದವರು. ಕನ್ನಡದಲ್ಲಿ ಅದಕ್ಕೆ ಗೋಷಾ ಎನ್ನುತ್ತಾರೆ. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಿನಲ್ಲಿ ಆ ಮಾತು ಇನ್ನೂ ಬದುಕಿದೆ. ಆ ಕಾಲದ ದಖ್ಖನಿನಲ್ಲಿ ಹೆಣ್ಣಿನ ಅಂತಸ್ತು ಹೆಚ್ಚಿದಷ್ಟೂ ಅವಳನ್ನು ಕಾಣಬಲ್ಲ ಕಣ್ಣುಗಳು ಕಡಿಮೆಯಾಗುತ್ತಿದ್ದವು. ಕಾಣದಿರುವುದೇ ಅವಳ ಮರ್ಯಾದೆ.

ಇದಕ್ಕೆ ಒಂಬತ್ತು ವರ್ಷ ಮೊದಲು, 1777ರಲ್ಲಿ, ಲಂಡನ್ನಿನಲ್ಲಿ 18-19ರ ಹುಡುಗಿಯೊಬ್ಬಳು ಸರ್ ಜೋಶುವಾ ರೆನಾಲ್ಡ್ಸ್ ಎಂಬ ಚಿತ್ರಕಾರನ ಎದುರು ಕುಳಿತಿದ್ದಳು. ಹೆಸರು ಹೆನ್ರಿಯೆಟಾ ಆಂಟೋನಿಯಾ ಹರ್ಬರ್ಟ್. ಪೊವಿಸ್ ಎಂಬ ಜಹಗೀರಿನ ಅರ್ಲ್ ಅವಳ ತಂದೆ. ಅವನು ತೀರಿಕೊಂಡ ಮೇಲೆ ಅಣ್ಣ ಆ ಪದವಿಗೆ ಬಂದಿದ್ದ. ಅವಳ ಲೋಕದಲ್ಲಿ ನಿಯಮ ತಿರುಗುಮುರುಗು. ದೊಡ್ಡ ಮನೆಯ ಹೆಣ್ಣು ಕಾಣಬೇಕು. ಅದರಲ್ಲೂ ಎಣ್ಣೆಬಣ್ಣದಲ್ಲಿ, ಚಿನ್ನದ ಚೌಕಟ್ಟಿನಲ್ಲಿ, ಮನೆಗೆ ಬಂದವರೆಲ್ಲ ತಲೆಯೆತ್ತಿ ನೋಡುವಂತೆ ಗೋಡೆಯ ಮೇಲೆ ಕಾಣಬೇಕು.

ಆ ಎರಡು ನಿಯಮಗಳು ಮೂವತ್ತು ವರ್ಷದೊಳಗೆ ಕನ್ನಡ ನಾಡಿನಲ್ಲಿ ಎದುರುಬದುರಾದವು. ಮೈಸೂರಿನ ಅರಮನೆಯ ಒಂದು ಚಿತ್ರದಲ್ಲಿ ಅವು ಹೇಗೋ ರಾಜಿಯಾದವು. ಆ ರಾಜಿಗೆ ಒಂದು ರೋಗ ಕಾರಣವಾಯಿತು.

ರೆನಾಲ್ಡ್ಸನ ಮನೆ ಲಂಡನ್ನಿನ ಲೆಸ್ಟರ್ ಫೀಲ್ಡ್ಸ್ ಎಂಬ ಚೌಕದಲ್ಲಿತ್ತು. 1768ರಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದವನು ಅವನೇ. ಮರುವರ್ಷ ಅವನಿಗೆ ಸರ್ ಪದವಿ ಬಂತು. ಚಿತ್ರ ಬರೆಸಿಕೊಳ್ಳುವವರು ಮೊದಲೇ ಹೇಳಿ ಗಂಟೆ ಗೊತ್ತುಮಾಡಿಕೊಳ್ಳಬೇಕಿತ್ತು. ಯಾವ ದಿನ ಯಾವ ಹೊತ್ತಿಗೆ ಯಾರು ಬರುತ್ತಾರೆಂದು ಅವನು ಗುರುತುಹಾಕಿಕೊಳ್ಳುತ್ತಿದ್ದ ಪುಟ್ಟ ಪುಸ್ತಕಗಳು ಹಲವು ಉಳಿದಿವೆ. ಬೆಲೆ ಅಳತೆಯ ಮೇಲೆ: ತಲೆಯಷ್ಟೇ ಆದರೆ ಒಂದು ದರ, ಸೊಂಟದವರೆಗೆ ಇನ್ನೊಂದು, ಅಡಿಯಿಂದ ಮುಡಿಯವರೆಗೆ ಮತ್ತೊಂದು. ಕುರ್ಚಿಯನ್ನು ಜಗುಲಿಯಂಥ ಎತ್ತರದ ಮೇಲೆ ಇಟ್ಟಿರುತ್ತಿದ್ದರು. ಕುಳಿತವರ ಕಣ್ಣಿನ ಮಟ್ಟಕ್ಕೆ ಬರುವಂತೆ ಚಿತ್ರಕಾರ ನಿಂತೇ ಬರೆಯುತ್ತಿದ್ದ.

ಆದರೆ ಚಿತ್ರದಲ್ಲಿ ಕಾಣುವುದೆಲ್ಲ ಅವನ ಕೈಕೆಲಸವಾಗಿರುತ್ತಿರಲಿಲ್ಲ. ಮುಖ ಅವನದು, ಬಟ್ಟೆಯ ನೆರಿಗೆ, ಹಿಂದಿನ ಪರದೆ, ಮರಗಿಡಗಳಲ್ಲಿ ಬಹುಪಾಲು ಅವನ ಸಹಾಯಕರದು. ಬಟ್ಟೆ ಬರೆಯುವುದೇ ಕಸುಬಾಗಿದ್ದ ಚಿತ್ರಕಾರರು ಆಗ ಲಂಡನ್ನಿನಲ್ಲಿ ಪ್ರತ್ಯೇಕವಾಗಿಯೇ ಇದ್ದರು. ಹೀಗಾಗಿ ಹೆಂಗಸು ಕೆಲವು ಸಲ ಬಂದು ಕುಳಿತರೆ ಸಾಕು. ಉಳಿದದ್ದು ಅವಳಿಲ್ಲದೆಯೇ ನಡೆಯುತ್ತಿತ್ತು. ಉಡುಪಿನ ಬಗ್ಗೆ ರೆನಾಲ್ಡ್ಸನದೇ ಒಂದು ಸಿದ್ಧಾಂತವೂ ಇತ್ತು. ಆ ವರ್ಷದ ಫ್ಯಾಷನ್ ಬರೆದರೆ ಹತ್ತು ವರ್ಷದಲ್ಲಿ ಚಿತ್ರ ಹಳತಾಗುತ್ತದೆ. ಹಳೆಯ ಗ್ರೀಕ್ ರೋಮನ್ ಶಿಲ್ಪಗಳ ಮೇಲಿರುವಂಥ, ಯಾವ ಕಾಲಕ್ಕೂ ಸಲ್ಲುವ ವಸ್ತ್ರ ತೊಡಿಸಿದರೆ ಬಾಳುತ್ತದೆ ಎಂದು ಅಕಾಡೆಮಿಯ ವಿದ್ಯಾರ್ಥಿಗಳಿಗೆ ಅವನು ಹೇಳುತ್ತಿದ್ದ.

ಬಾಳಿಕೆಯ ಬಗ್ಗೆ ಇಷ್ಟು ಯೋಚಿಸಿದವನ ಚಿತ್ರಗಳೇ ಬೇಗ ಕೆಟ್ಟವು. ಎಣ್ಣೆಬಣ್ಣವೆಂದರೆ ಅರೆದ ಬಣ್ಣದ ಪುಡಿಯನ್ನು ಅಗಸೆಬೀಜದಂಥ, ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲಿ ಕಲಸಿದ್ದು. ನಮ್ಮ ಎರೆಹೊಲದ ರೈತನಿಗೂ ಅಗಸೆ ಗೊತ್ತು. ಅದರ ಎಣ್ಣೆ ಬಳಿದ ಕಡೆ ಒಣಗಿ ತೊಗಲಿನಂತೆ ಕೂರುತ್ತದೆ. ರೆನಾಲ್ಡ್ಸ್ ಆ ಎಣ್ಣೆಗೆ ಮೇಣ ಬೆರೆಸಿದ, ಅಂಟು ಬೆರೆಸಿದ, ಡಾಂಬರಿನಂಥ ಕಪ್ಪು ಬಳಸಿದ. ಕಪ್ಪು ಬಿರುಕುಬಿಟ್ಟಿತು. ಕೆನ್ನೆಗೆ ಹಚ್ಚಿದ ಕಡುಗೆಂಪು ಬೆಳಕಿಗೆ ಹಾರಿಹೋಯಿತು. ಅವನು ಬದುಕಿದ್ದಾಗಲೇ ಅವನು ಬರೆದ ಶ್ರೀಮಂತ ಹೆಂಗಸರ ಮುಖಗಳು ಬಿಳಚಿಕೊಂಡು, ಜನ ಅದನ್ನು ಆಡಿಕೊಳ್ಳುವಂತಾಯಿತು.

ಅವನ ಬಣ್ಣಗಳ ನಡುವೆ ಒಬ್ಬ ಭಾರತೀಯ ಹೆಣ್ಣೂ ಇದ್ದಾಳೆ. 1765-66ರ ಸುಮಾರಿಗೆ ಅವನು ಜಾರ್ಜ್ ಕ್ಲೈವ್ ಎಂಬವನ ಕುಟುಂಬದ ದೊಡ್ಡ ಚಿತ್ರ ಬರೆದ. ಈ ಜಾರ್ಜ್, ಪ್ಲಾಸಿ ಕದನ ಗೆದ್ದ ರಾಬರ್ಟ್ ಕ್ಲೈವನ ದಾಯಾದಿ. ಬರ್ಲಿನ್ನಿನ ಚಿತ್ರಶಾಲೆಯಲ್ಲಿರುವ ಆ ಚಿತ್ರದಲ್ಲಿ ಗಂಡ, ಹೆಂಡತಿ, ಪುಟ್ಟ ಮಗಳು, ಮಗುವನ್ನು ಹಿಡಿದುಕೊಂಡ ಭಾರತದ ಆಯಾ ಇದ್ದಾರೆ. ಮನೆಯವರ ಹೆಸರುಗಳು ಇತಿಹಾಸದಲ್ಲಿವೆ. ಆಯಾಳನ್ನು ಅಷ್ಟೇ ಶ್ರದ್ಧೆಯಿಂದ ಬರೆದಿದ್ದರೂ ಚಿತ್ರದ ಹೆಸರಿನಲ್ಲಿ ಅವಳು ‘ಭಾರತೀಯ ದಾಸಿ’ ಮಾತ್ರ.

ಆ ಕಾಲದ ಇಂಗ್ಲಿಷ್ ಎಣ್ಣೆಬಣ್ಣದಲ್ಲಿ ಭಾರತದ ಹೆಣ್ಣಿಗೆ ಸಿಕ್ಕಿದ್ದ ಜಾಗಗಳು ಇಂಥವೇ. ಆಯಾ ಆಗಬಹುದು. ಕುಣಿಯುವವಳಾಗಬಹುದು: ಟಿಲ್ಲಿ ಕೆಟಲ್ 1772ರಲ್ಲಿ ನರ್ತಕಿಯೊಬ್ಬಳನ್ನು ಬರೆದ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ಜೊತೆ ಬಾಳುವ ಬೀಬಿಯಾಗಬಹುದು. ಮರ್ಯಾದಸ್ಥ ಮನೆಯ ಹೆಣ್ಣು ಪರಕೀಯ ಗಂಡಸಿನ ಎದುರು ಗಂಟೆಗಟ್ಟಲೆ ಮುಖ ತೆರೆದು ಕುಳಿತುಕೊಳ್ಳುವುದೆಂದರೆ ಎರಡೂ ಕಡೆಯವರಿಗೆ ಊಹೆಗೆ ಮೀರಿದ ಮಾತಾಗಿತ್ತು. ಮುಂದೆ ಮೈಸೂರಿನ ಚಿತ್ರಕ್ಕೆ ಆದ ಗತಿಗೆ ಈ ನಂಬಿಕೆಯೇ ಕಾರಣ.

ಹಾಗೆಂದು ಆದವಾನಿಗೆ ಚಿತ್ರಕಲೆ ಹೊಸದಲ್ಲ. ಲಂಡನ್ನಿನಲ್ಲಿ ರಾಯಲ್ ಅಕಾಡೆಮಿ ಹುಟ್ಟುವ ನೂರು ವರ್ಷ ಮೊದಲೇ ಈ ಊರಿನಲ್ಲಿ ಮುಖಗಳನ್ನು ಬರೆಯುವವರೂ ಬರೆಸುವವರೂ ಇದ್ದರು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆದವಾನಿಯನ್ನು ಆಳಿದವನು ಸಿದ್ದಿ ಮಸೂದ್ ಖಾನ್. ಆಫ್ರಿಕಾ ಮೂಲದ ಈ ಸರದಾರ ಬಿಜಾಪುರದ ಆದಿಲ್‌ಶಾಹಿಗಳ ಕೈಕೆಳಗೆ ಮೇಲೇರಿದವನು. ಊರಿನ ಶಾಹಿ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ಅವನಿಗೆ ಚಿತ್ರಗಳ ಹುಚ್ಚು ಇತ್ತು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು; ಎರಡು ಮೂರು ವರ್ಷದಲ್ಲಿ ಆದವಾನಿಯ ಸರದಿಯೂ ಬಂತು. ಮೊಘಲ್ ಸೇನಾಪತಿ ತನ್ನ ತೋಪುಗಳನ್ನು ಮಸೀದಿಯ ಕಡೆ ತಿರುಗಿಸಿದನೆಂದೂ, ತಾನು ಪ್ರೀತಿಯಿಂದ ಕಟ್ಟಿಸಿದ ಮಸೀದಿ ಒಡೆಯುವುದನ್ನು ನೋಡಲಾರದೆ ಮಸೂದ್ ಖಾನ್ ಕೋಟೆ ಬಿಟ್ಟುಕೊಟ್ಟನೆಂದೂ ಆದವಾನಿಯ ಕಡೆ ಕಥೆಯಿದೆ.

ಮೊಘಲರ ಪರವಾಗಿ ಆದವಾನಿಯನ್ನು ನೋಡಿಕೊಳ್ಳಲು ಬಂದವನು ರಾಜಸ್ಥಾನದ ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್. ಪುಸ್ತಕ, ಚಿತ್ರ, ಸಂಗೀತಗಳ ಮೇಲೆ ಅಪಾರ ಮೋಹವಿದ್ದವನು. 1698ರಲ್ಲಿ ಅವನು ತೀರಿಕೊಂಡದ್ದೂ ಆದವಾನಿಯಲ್ಲೇ. ಅವನ ಮೂಲಕ ದಖ್ಖನಿ ಚಿತ್ರಗಳು ಕಟ್ಟುಕಟ್ಟಾಗಿ ಮರುಭೂಮಿಯ ಬಿಕಾನೇರಿಗೆ ಹೋದವು. ಅವು ಆದವಾನಿಯ ಜಯದಲ್ಲಿ ಸಿಕ್ಕಿದವೆಂಬ ಒಕ್ಕಣೆ ಕೆಲವು ಚಿತ್ರಗಳ ಬೆನ್ನ ಮೇಲಿದೆ. ಬಿಜಾಪುರದ ಸುಲ್ತಾನರ ಮುಖಗಳನ್ನು ಇಂದು ನಾವು ಬಲ್ಲೆವಾದರೆ ಅದರಲ್ಲಿ ಆದವಾನಿಯಿಂದ ಬಿಕಾನೇರಿಗೆ ಹೋದ ಆ ಗಂಟುಗಳ ಪಾಲೂ ಇದೆ.

ಸುಲ್ತಾನರ ಮುಖಗಳು, ಸರದಾರರ ಮುಖಗಳು, ಫಕೀರರ ಮುಖಗಳು. ರಾಣಿಯರದು? ಚಾಂದ್ ಬೀಬಿ ಕುದುರೆಯ ಮೇಲೆ ಕುಳಿತು ಕೈಯಲ್ಲಿ ಡೇಗೆ ಹಿಡಿದು ಬೇಟೆಗೆ ಹೊರಟ ದಖ್ಖನಿ ಚಿತ್ರಗಳು ಹೆಸರಾಗಿವೆ. ಅಂಥದೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಬರೆದದ್ದು 1700ರ ಸುಮಾರಿಗೆ, ಚಾಂದ್ ಬೀಬಿ ಸತ್ತು ನೂರು ವರ್ಷವಾದ ಮೇಲೆ. ಬರೆದ ಕೈ ಅವಳನ್ನು ಕಂಡದ್ದಲ್ಲ. ಅದು ಕೇಳಿದ ಕಥೆಗೆ ಕೊಟ್ಟ ಮುಖ. ಗಂಡಸರನ್ನು ದರಬಾರಿನಲ್ಲಿ ನೋಡಿ ಬರೆಯುತ್ತಿದ್ದರು, ಹೆಂಗಸರನ್ನು ಮನಸ್ಸಿನಲ್ಲಿ ಕಲ್ಪಿಸಿ ಬರೆಯುತ್ತಿದ್ದರು. ಕಲೆಗಾರನಿಗೆ ಪರದೆಯೊಳಗೆ ದಾರಿಯಿರಲಿಲ್ಲ.

ಲಂಡನ್ನಿನ ಹುಡುಗಿಯ ಕಥೆ ಕನ್ನಡ ನಾಡಿಗೆ ಬಂದದ್ದು ಮದುವೆಯ ದಾರಿಯಿಂದ. 1784ರಲ್ಲಿ ಹೆನ್ರಿಯೆಟಾ ರಾಬರ್ಟ್ ಕ್ಲೈವನ ಹಿರಿಯ ಮಗ ಎಡ್ವರ್ಡನ ಕೈಹಿಡಿದಳು. ಹುಡುಗಿಯ ಕಡೆ ಹಳೆಯ ಮನೆತನ. ಹುಡುಗನ ಕಡೆ ಬಂಗಾಳದಿಂದ ಬಂದ ಹೊಸ ಹಣ. 1798ರಲ್ಲಿ ಎಡ್ವರ್ಡ್ ಮದರಾಸಿನ ಗವರ್ನರ್ ಆದ. ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅವನ ಜೊತೆ ಬಂದಳು. ಮಕ್ಕಳಿಗೆ ಪಾಠ ಹೇಳಲು ಬಂದವಳು ಅನ್ನಾ ಟೊನೆಲ್ಲಿ, ಇಟಲಿಯ ಫ್ಲಾರೆನ್ಸಿನ ಚಿತ್ರಕಾರ್ತಿ.

ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. 1800ರ ಮಾರ್ಚಿನಲ್ಲಿ ಹೆನ್ರಿಯೆಟಾ, ಗಂಡನನ್ನು ಮದರಾಸಿನಲ್ಲೇ ಬಿಟ್ಟು, ಮಕ್ಕಳನ್ನೂ ಟೊನೆಲ್ಲಿಯನ್ನೂ ಕರೆದುಕೊಂಡು ಒಳನಾಡಿನ ಪಯಣ ಹೊರಟಳು. ಆನೆ, ಎತ್ತು, ಪಲ್ಲಕ್ಕಿ, ಕಾವಲಿನ ಸಿಪಾಯಿಗಳ ದೊಡ್ಡ ದಂಡು. ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು, ಅಲ್ಲಿಂದ ಘಟ್ಟ ಇಳಿದು ಕೊಯಮತ್ತೂರು, ತಿರುಚಿನಾಪಳ್ಳಿ, ತಂಜಾವೂರು; ಅಕ್ಟೋಬರಿನಲ್ಲಿ ಮತ್ತೆ ಮದರಾಸು. ದಾರಿಯುದ್ದಕ್ಕೂ ಗಿಡ, ಬೀಜ, ಕಲ್ಲುಗಳನ್ನು ಕೂಡಿಸಿದಳು. ಅಷ್ಟು ಹೊತ್ತಿಗೆ ಫಾರಸಿ ಕಲಿಯಲೂ ತೊಡಗಿದ್ದಳು. ಹನ್ನೆರಡರ ಪ್ರಾಯದ ಚಿಕ್ಕ ಮಗಳು ಷಾರ್ಲಟ್ ದಿನಚರಿ ಬರೆದಳು. ಈ ಷಾರ್ಲಟ್ ಮುಂದೆ ನಾರ್ತಂಬರ್ಲೆಂಡಿನ ಡಚೆಸ್ ಆಗಿ, ವಿಕ್ಟೋರಿಯಾ ರಾಣಿ ಇನ್ನೂ ರಾಜಕುಮಾರಿಯಾಗಿದ್ದಾಗ ಆಕೆಯ ಶಿಕ್ಷಣದ ಹೊಣೆ ಹೊತ್ತಳು. ಬೆಂಗಳೂರಿನ ಮನೆಗಳ ಕುಂಡಗಳಲ್ಲಿ ಕಿತ್ತಳೆ ಬಣ್ಣದ ಗೊಂಚಲು ಬಿಡುವ ಕ್ಲೈವಿಯಾ ಗಿಡಕ್ಕೆ 1828ರಲ್ಲಿ ಸಸ್ಯವಿಜ್ಞಾನಿ ಲಿಂಡ್ಲೆ ಇಟ್ಟದ್ದು ಇದೇ ಹುಡುಗಿಯ ತವರಿನ ಹೆಸರು.

ಅದೇ ಪಯಣದ ವರ್ಷ ಟೊನೆಲ್ಲಿ ಸಿಂಹಾಸನದ ಮೇಲೆ ಕುಳಿತ ಟಿಪ್ಪುವಿನ ಜಲವರ್ಣ ಚಿತ್ರವೊಂದನ್ನು ಬರೆದಳು. ಅವಳು ಟಿಪ್ಪುವನ್ನು ಕಂಡಿರಲಿಲ್ಲ. ಸಿಂಹಾಸನವನ್ನೂ ಗೆದ್ದವರು ಒಡೆದು ಹಂಚಿಕೊಂಡಾಗಿತ್ತು. ದಖ್ಖನಿನ ಚಿತ್ರಕಾರ ಚಾಂದ್ ಬೀಬಿಯನ್ನು ಬರೆದಂತೆ ಯುರೋಪಿನ ಚಿತ್ರಕಾರ್ತಿ ಟಿಪ್ಪುವನ್ನು ಕೇಳಿದ ಮಾತಿನಿಂದ ಬರೆದಳು. ಆ ಚಿತ್ರ ಇಂದು ವೇಲ್ಸಿನ ಪೊವಿಸ್ ಕ್ಯಾಸಲ್‌ನಲ್ಲಿದೆ. ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲಿ ಒಂದು ಅಲ್ಲಿದೆ. ಹೂಬಳ್ಳಿಯ ಅಚ್ಚಿನ ಟಿಪ್ಪುವಿನ ಡೇರೆಯೂ ಅಲ್ಲಿದೆ. ರೆನಾಲ್ಡ್ಸ್ ಬರೆದ ಹೆನ್ರಿಯೆಟಾಳ ಎಣ್ಣೆಬಣ್ಣದ ಚಿತ್ರವೂ ಅದೇ ಮನೆಯದು. 1777ರ ಹುಡುಗಿಯ ಮುಖವೂ 1799ರ ಲೂಟಿಯೂ ಒಂದೇ ಸೂರಿನಡಿ ಸೇರಿವೆ.

ಹೆನ್ರಿಯೆಟಾ ಮದರಾಸಿಗೆ ಮರಳಿದ ಅಕ್ಟೋಬರಿನಲ್ಲೇ, 12ನೆಯ ತಾರೀಖು, ಹೈದರಾಬಾದಿನಲ್ಲಿ ಒಂದು ಒಪ್ಪಂದಕ್ಕೆ ರುಜು ಬಿತ್ತು. 1792 ಮತ್ತು 1799ರ ಯುದ್ಧಗಳಲ್ಲಿ ಮೈಸೂರಿನಿಂದ ತನಗೆ ಬಂದಿದ್ದ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ತುಂಗಭದ್ರೆಯೇ ಗಡಿಯಾಗಲೆಂದು ಹೊಳೆಯ ಆಚೆಯ ಕೊಪ್ಪಳ, ಗಜೇಂದ್ರಗಡಗಳನ್ನು ಉಳಿಸಿಕೊಂಡು ಬದಲಿಗೆ ಈಚೆಯ ಆದವಾನಿಯನ್ನು ಕೊಟ್ಟ. ಬಳ್ಳಾರಿ, ಕಡಪೆಗಳ ಜೊತೆ ಆದವಾನಿ ‘ಸೀಡೆಡ್’, ಅಂದರೆ ಬಿಟ್ಟುಕೊಟ್ಟ, ಜಿಲ್ಲೆಗಳಿಗೆ ಸೇರಿ ಥಾಮಸ್ ಮನ್ರೋನ ಕೈಕೆಳಗೆ ಬಂತು. ಮದರಾಸಿನ ಗವರ್ನರ್ ಹೆನ್ರಿಯೆಟಾಳ ಗಂಡನೇ. ಆದವಾನಿ ಆಮೇಲೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿ 1953ರವರೆಗೂ ಉಳಿಯಿತು. ಆ ವರ್ಷ ಆಂಧ್ರಕ್ಕೆ ಹೋದ ಮೇಲೂ ಊರಿನ ಸುತ್ತ ಕನ್ನಡ ನಿಂತಿಲ್ಲ.

ಒಪ್ಪಂದವನ್ನು ಕುದುರಿಸಿದ ಕಂಪನಿಯ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಅವನ ಹೆಂಡತಿ ಖೈರುನ್ನೀಸಾ, ಹೈದರಾಬಾದಿನ ದೊಡ್ಡ ಮನೆತನದ ಹೆಣ್ಣು. 1805ರಲ್ಲಿ ಅವರ ಇಬ್ಬರು ಎಳೆಯ ಮಕ್ಕಳನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸುವ ಮುನ್ನ ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಅವರ ಎಣ್ಣೆಬಣ್ಣದ ಚಿತ್ರ ಬರೆದ. ಮಕ್ಕಳು ಹೈದರಾಬಾದಿನ ಜರಿಯ ಉಡುಪಿನಲ್ಲಿ ನಿಂತಿದ್ದಾರೆ. ತಾಯಿ ಚಿತ್ರದಲ್ಲಿಲ್ಲ. ಅದೇ ವರ್ಷ ಗಂಡ ಕಲ್ಕತ್ತೆಯಲ್ಲಿ ಸತ್ತ. ಮಕ್ಕಳನ್ನು ಅವಳು ಮತ್ತೆ ಕಾಣಲಿಲ್ಲ.

ಅದೇ 1805ರಲ್ಲಿ ಮೈಸೂರಿನಲ್ಲಿ ಬೇರೆಯದೇ ನಡೆಯಿತು.

ಥಾಮಸ್ ಹಿಕಿ ಡಬ್ಲಿನ್ನಿನವನು, 1741ರಲ್ಲಿ ಹುಟ್ಟಿದವನು. ಲಿಸ್ಬನ್, ಕಲ್ಕತ್ತೆ, ಇಂಗ್ಲೆಂಡಿನ ರಾಯಭಾರಿಯ ಜೊತೆ ಚೀನಾ ಎಲ್ಲ ಸುತ್ತಿ ಕೊನೆಗೆ ಮದರಾಸಿನಲ್ಲಿ ನೆಲೆನಿಂತಿದ್ದ. 1824ರಲ್ಲಿ ಸತ್ತದ್ದೂ ಅಲ್ಲೇ. ಟಿಪ್ಪು ಬಿದ್ದ ವರ್ಷ ಶ್ರೀರಂಗಪಟ್ಟಣಕ್ಕೆ ಹೋಗಿ ಯುದ್ಧದಲ್ಲಿದ್ದ ಅಧಿಕಾರಿಗಳ ಮುಖಗಳನ್ನು ಬಿಡಿಸಿಕೊಂಡ. ವೆಲ್ಲೂರಿನಲ್ಲಿ ಸೆರೆಯಲ್ಲಿದ್ದ ಟಿಪ್ಪುವಿನ ಮಕ್ಕಳನ್ನು ಬರೆದ. ದಿವಾನ್ ಪೂರ್ಣಯ್ಯನವರನ್ನೂ ಬರೆದ. ಮೈಸೂರಿನ ಹೊಸ ಅರಮನೆಗೆ ಅವನು ಅಪರಿಚಿತನಾಗಿರಲಿಲ್ಲ.

ಆ ಅರಮನೆಯಲ್ಲಿ ಸಿಂಹಾಸನದ ಮೇಲಿದ್ದವರು 1794ರಲ್ಲಿ ಹುಟ್ಟಿದ ಬಾಲಕ, ಮುಮ್ಮಡಿ ಕೃಷ್ಣರಾಜ ಒಡೆಯರು. ಐದನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದವರು. ಮನೆಯ ಹಿರಿಯರು ಅಜ್ಜಿ ಲಕ್ಷ್ಮಮ್ಮಣ್ಣಿ. ಹೈದರ್ ಮತ್ತು ಟಿಪ್ಪುವಿನ ಕಾಲದುದ್ದಕ್ಕೂ ಕಾವಲಿನಲ್ಲಿದ್ದುಕೊಂಡೇ, ತಿರುಮಲರಾಯ ಎಂಬ ಪ್ರಧಾನರ ಮೂಲಕ 1782ರಲ್ಲಿ ಮದರಾಸಿನ ಇಂಗ್ಲಿಷರ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದ ಹೆಣ್ಣು ಅವರು. ಹೊರಗಿನವರಿಗೆ ಮುಖ ತೋರಿಸದೆಯೇ ಸಂಸ್ಥಾನವನ್ನು ಮರಳಿ ಗಳಿಸಿಕೊಂಡವರು. 1805ರಲ್ಲಿ ಮೊಮ್ಮಗನ ಮದುವೆಯ ಹೊತ್ತು ಬಂತು.

ಅದು ಸಿಡುಬಿನ ಕಾಲ. ಊರಿಗೆ ಅಮ್ಮ ಬಂದಳೆಂದರೆ ಗುಡಿಸಲು ಅರಮನೆ ಎಂಬ ಭೇದವಿರಲಿಲ್ಲ. ಲಕ್ಷ್ಮಮ್ಮಣ್ಣಿಯವರ ಪತಿ ಇಮ್ಮಡಿ ಕೃಷ್ಣರಾಜರನ್ನು 1766ರಲ್ಲಿ ಕರೆದೊಯ್ದದ್ದೂ ಸಿಡುಬೇ ಎನ್ನುತ್ತಾರೆ. ಇದಕ್ಕೆ ಹಳೆಯದೊಂದು ಉಪಾಯವಿತ್ತು: ಸಿಡುಬಿನ ಗುಳ್ಳೆಯ ಕೀವನ್ನೇ ಸ್ವಲ್ಪ ತೆಗೆದು ಆರೋಗ್ಯವಂತರ ಚರ್ಮಕ್ಕೆ ಚುಚ್ಚಿ, ಹಗುರವಾಗಿ ರೋಗ ತರಿಸಿ ಕಾಪಾಡುವುದು. ಅದರಲ್ಲಿ ಅಪಾಯವೂ ಇತ್ತು. ಚುಚ್ಚಿಸಿಕೊಂಡವರಿಂದ ಇತರರಿಗೂ ರೋಗ ಅಂಟುತ್ತಿತ್ತು. 1798ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮಾಡುವ ಹೊಸ ವಿಧಾನವನ್ನು ಪ್ರಕಟಿಸಿದ. ನಮ್ಮ ಅಜ್ಜ ಅಜ್ಜಿಯರು ‘ದಾಕು ಹಾಕುವುದು’ ಎನ್ನುತ್ತಿದ್ದದ್ದು ಅದನ್ನೇ.

ಆ ಮದ್ದನ್ನು ಭಾರತಕ್ಕೆ ತರುವುದೇ ಕಷ್ಟವಾಯಿತು. ಹಡಗಿನ ಆರು ತಿಂಗಳ ಪಯಣದಲ್ಲಿ ಕೀವು ಒಣಗಿ ಸತ್ತುಹೋಗುತ್ತಿತ್ತು. ಕಡೆಗೆ ಅದು ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ, ತೋಳಿಂದ ತೋಳಿಗೆ ದಾಟುತ್ತ ಬಂದು ಮುಂಬೈ ಮುಟ್ಟಿತು. 1802ರ ಜೂನ್ 14ರಂದು ಮುಂಬೈಯಲ್ಲಿ ಅನ್ನಾ ಡಸ್ಟಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ನಾಟಿತು. ಭಾರತದಲ್ಲಿ ಅದೇ ಮೊದಲು. ಅವಳ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿಗೆ, ಅದರಿಂದ ಮತ್ತೊಂದಕ್ಕೆ. ಮದ್ದು ಬದುಕಿರಲು ಮನುಷ್ಯರ ಮೈಯೇ ಬೇಕಿತ್ತು.

ಜನ ಹಿಂಜರಿದದ್ದು ಅದಕ್ಕೇ. ಯಾವ ಜಾತಿಯ, ಯಾವ ಕುಲದ ಮೈಯಿಂದಲೋ ಬಂದ ಕೀವನ್ನು ತಮ್ಮ ಮಕ್ಕಳ ತೋಳಿಗೆ ಸೇರಿಸುವುದೆಂದರೆ ಏನಾಯಿತು? ಮೂಲದಲ್ಲಿ ಅದು ಹಸುವಿನದು ಎಂಬುದೂ ಎಲ್ಲರಿಗೂ ಸಮಾಧಾನ ತರಲಿಲ್ಲ. ಹಳೆಯ ರೀತಿಯಲ್ಲಿ ಚುಚ್ಚಿ ಹೊಟ್ಟೆ ಹೊರೆಯುತ್ತಿದ್ದವರಿಗೂ ಹೊಸದು ಬೇಡವಾಗಿತ್ತು. ಸರಕಾರ ಡಂಗುರ ಹೊಡೆಸಿದರೆ ಜನರ ಭಯ ಹೋಗುವುದಿಲ್ಲ. ಅವರು ಗೌರವಿಸುವ ಮನೆಯವರು ಮೊದಲು ತೋಳು ಚಾಚಬೇಕಿತ್ತು.

ಮೈಸೂರಿನ ಅರಮನೆ ತೋಳು ಚಾಚಿತು. ಬಾಲ ಮಹಾರಾಜರ ವಧುವಾಗಿ ಬಂದ ದೇವಾಜಮ್ಮಣ್ಣಿ ದಾಕು ಹಾಕಿಸಿಕೊಂಡರು. ಆಗ ಅವರಿಗೆ ಸುಮಾರು 12 ವರ್ಷ. ಅವರನ್ನು ನೋಡಿ ಜನ ಧೈರ್ಯ ತಂದುಕೊಂಡು ಮುಂದೆ ಬಂದರೆಂದು 1806ರ ಜುಲೈ ತಿಂಗಳ ಮೈಸೂರು ದಾಖಲೆಯೊಂದು ಹೇಳುತ್ತದೆ.

ಆ ಹೊತ್ತಿನಲ್ಲಿ ಹಿಕಿ ಬರೆದದ್ದು ಮೂವರು ಹೆಂಗಸರ ದೊಡ್ಡ ಎಣ್ಣೆಬಣ್ಣದ ಚಿತ್ರ. ಮೂವರೂ ನಿಂತಿದ್ದಾರೆ. ಮೈತುಂಬ ಒಡವೆ, ಒಳ್ಳೆಯ ಸೀರೆ. ಮೈಸೂರಿನ ಚಿತ್ರಗಾರರಾದರೆ ತಮ್ಮ ಚಿತ್ರಗಳಲ್ಲಿ ರೇವಣಚಿನ್ನಿಯನ್ನೂ ಬಿಳಿಯನ್ನೂ ಅಂಟಿನಲ್ಲಿ ಕಲಸಿ ಒಡವೆಗಳನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಮುಖ ಆ ಚಿನ್ನದ ನಡುವೆ ದೇವರ ಮುಖದಂತೆ ಶಾಂತವಾಗಿ, ಒಬ್ಬರದೇ ಎಂದು ಹೇಳಲಾಗದಂತೆ ಇರುತ್ತಿತ್ತು. ಹಿಕಿಯ ಚಿತ್ರದಲ್ಲಿ ಒಡವೆಯ ಹೊಳಪು ಕೂಡ ಬಣ್ಣದ್ದೇ, ಮುಖಗಳು ಮಾತ್ರ ಬೇರೆಬೇರೆ. ಇವರು ಒಬ್ಬೊಬ್ಬರೂ ಒಬ್ಬೊಬ್ಬರೇ.

ಬಲಗಡೆ ನಿಂತ ಹುಡುಗಿಯ ಎಡತೋಳನ್ನು ಸೀರೆ ಮುಚ್ಚಿರಬೇಕಿತ್ತು. ಮುಚ್ಚಿಲ್ಲ. ದಾಕು ಹಾಕಿಸಿಕೊಂಡ ಜಾಗದ ಕಡೆಗೆ ನೋಡುವವರ ಕಣ್ಣನ್ನು ಅವಳ ಬಲಗೈ ಕರೆದೊಯ್ಯುತ್ತದೆ. ಎಡಗಡೆಯವಳ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಚರ್ಮದ ಬಣ್ಣ ಮಸುಕಾಗಿದೆ; ಹಳೆಯ ರೀತಿಯಲ್ಲಿ ಸಿಡುಬಿನ ಪುಡಿಯನ್ನು ಮೂಗಿಗೆ ಏರಿಸಿದಾಗ ಉಳಿಯಬಹುದಾದ ಗುರುತು ಅದು. ನಡುವೆ ನಿಂತವರು ಹಿರಿಯರು. ಕೇಂಬ್ರಿಜ್ಜಿನ ಇತಿಹಾಸಕಾರ ನೈಜೆಲ್ ಚಾನ್ಸಲರ್ 2001ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಚಿತ್ರದ ಓದು ಶುರುವಾಯಿತು. ಬಲಗಡೆಯವರು ದಾಕು ಹಾಕಿಸಿಕೊಂಡ ಕಿರಿಯ ರಾಣಿ ದೇವಾಜಮ್ಮಣ್ಣಿ, ಎಡಗಡೆಯವರು ಅದೇ ಹೆಸರಿನ ಹಿರಿಯ ರಾಣಿ, ನಡುವಿನವರು ಅಜ್ಜಿ ಲಕ್ಷ್ಮಮ್ಮಣ್ಣಿ ಎಂಬುದು ಅವರ ವಾದ. ನಡುವಿನವರು ಮಹಾರಾಜರ ಸೋದರಿಯಿರಬಹುದೆಂದು ಹೇಳುವವರೂ ಇದ್ದಾರೆ. ಹಳೆಯ ಮದ್ದು ಒಂದು ಕಡೆ, ಹೊಸ ಮದ್ದು ಇನ್ನೊಂದು ಕಡೆ, ಎರಡೂ ಸಿಗದೆ ಪತಿಯನ್ನು ಕಳೆದುಕೊಂಡ ಹಿರಿಯರು ನಡುವೆ ಎಂದು ಓದಿದರೆ ಚಿತ್ರ ಒಮ್ಮೆಲೇ ಮಾತಾಡತೊಡಗುತ್ತದೆ.

ಆ ಹುಡುಗಿ ಬಿಟ್ಟುಕೊಟ್ಟದ್ದು ಒಂದು ಗೇಣು ಸೀರೆಯ ಮರೆಯನ್ನು. ರೆನಾಲ್ಡ್ಸನ ಕುರ್ಚಿಯಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ತೆರೆದ ತೋಳು ಒಂದು ವಿಷಯವೇ ಅಲ್ಲ. ಮೈಸೂರಿನಲ್ಲಿ ಅದು ಸಾವಿರಾರು ಮನೆಗಳ ತಾಯಂದಿರಿಗೆ ಕಳಿಸಿದ ಸುದ್ದಿ.

ಆದರೆ ಚಿತ್ರ ಮೈಸೂರಿನಿಂದ ಹೊರಬಿದ್ದ ಮೇಲೆ ಆ ಹೆಸರುಗಳು ಕಳಚಿಕೊಂಡವು. ಇಂಗ್ಲೆಂಡಿನ ಖಾಸಗಿ ಸಂಗ್ರಹದಲ್ಲಿ ಅದನ್ನು ಬಹುಕಾಲ ನಾಚ್ ಹುಡುಗಿಯರ, ವೇಶ್ಯೆಯರ ಚಿತ್ರವೆಂದೇ ತಿಳಿದಿದ್ದರು. ಒಡವೆ ಕಣ್ಣೆದುರಿಗಿತ್ತು. ಸೀರೆಯ ಉಡಿಕೆ ಕಣ್ಣೆದುರಿಗಿತ್ತು. ಆದರೂ ನೋಡಿದವರ ತಲೆಯಲ್ಲಿ ಲೆಕ್ಕ ಮೊದಲೇ ಆಗಿತ್ತು: ಎಣ್ಣೆಬಣ್ಣದಲ್ಲಿ ಮುಖ ತೆರೆದು ನಿಂತ ಭಾರತದ ಹೆಣ್ಣು ರಾಣಿಯಾಗಿರಲಾರಳು. ಕೆಟಲನ ನರ್ತಕಿಯ ಪಕ್ಕಕ್ಕೆ, ರೆನಾಲ್ಡ್ಸನ ಆಯಾಳ ಪಕ್ಕಕ್ಕೆ ಮೈಸೂರಿನ ರಾಣಿಯರನ್ನು ಸರಿಸಿಬಿಟ್ಟರು. 2007ರಲ್ಲಿ ಚಿತ್ರ ಸೊದೆಬಿಯ ಹರಾಜಿಗೆ ಬಂದಾಗ ಹೊಸ ಓದಿನ ಬೆಳಕು ಅದರ ಮೇಲೆ ಬಿದ್ದಿತ್ತು. ಕೋವಿಡ್ ಲಸಿಕೆಗಾಗಿ ಜಗತ್ತು ಕಾಯುತ್ತಿದ್ದ 2020ರಲ್ಲಿ ಅದು ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು; ಆಗಲೇ ಬಹಳಷ್ಟು ಕನ್ನಡಿಗರು ತಮ್ಮ ನಾಡಿನ ಈ ಮೂರು ಮುಖಗಳನ್ನು ಮೊದಲ ಸಲ ನೋಡಿದ್ದು.

ದೇವಾಜಮ್ಮಣ್ಣಿ ದಾಕು ಹಾಕಿಸಿಕೊಂಡಾಗ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು ಮಾರ್ಕ್ ವಿಲ್ಕ್ಸ್. ದಕ್ಷಿಣ ಭಾರತದ ಇತಿಹಾಸವನ್ನು ಅವನು ಮೂರು ಸಂಪುಟಗಳಲ್ಲಿ ಬರೆದ. 1810ರಲ್ಲಿ ಮೊದಲನೆಯದು ಹೊರಬಂತು. 1786ರ ಆದವಾನಿ ಮುತ್ತಿಗೆಯ ಕಥೆಯೂ ಆ ಇತಿಹಾಸದಲ್ಲಿ ಬರುತ್ತದೆ. ಆ ಕಥೆಯಲ್ಲಿ ಸೇನಾಪತಿಗಳಿಗೆಲ್ಲ ಹೆಸರುಗಳಿವೆ.

ಆದವಾನಿಯ ಬಾರಾಕಿಲ್ಲಾ ಗುಡ್ಡ ಇಂದಿಗೂ ಊರಿನ ಮೇಲೆ ನಿಂತಿದೆ. ಟಿಪ್ಪು ಒಡೆಸಿದ ಕೋಟೆಯ ಕಲ್ಲುಗಳು ಬಂಡೆಗಳ ನಡುವೆ ಚೆಲ್ಲಿವೆ. ಕೆಳಗೆ ಮಸೂದ್ ಖಾನನ ಮಸೀದಿಯಲ್ಲಿ ನಮಾಜು ನಡೆಯುತ್ತದೆ, ರಣಮಂಡಲ ಗುಡ್ಡದ ಆಂಜನೇಯನಿಗೆ ಭಕ್ತರು ಮೆಟ್ಟಿಲು ಹತ್ತುತ್ತಾರೆ. 1786ರ ಆ ಮುಂಗಾರಿನಲ್ಲಿ ಬಸಾಲತ್ ಜಂಗನ ಮನೆಯ ಹೆಂಗಸರು ಹೊರಟದ್ದು ಉತ್ತರಕ್ಕೆ, ತುಂಗಭದ್ರೆಯ ಕಡೆಗೆ. ಪರದೆ ಸರಿಸಿ ಒಮ್ಮೆ ಹಿಂದಿರುಗಿ ನೋಡಿದ್ದರೆ ಈ ಗುಡ್ಡಗಳೇ ಅವರಿಗೆ ಕಂಡಿರುತ್ತಿದ್ದವು.